ತಲೆಯಿಲ್ಲದ ಸೀಸದ ಹೆಂಗಸು

ಮಾವ ಹಿತ್ತಲಲ್ಲಿ ಮೆಟಲ್ ಡಿಟೆಕ್ಟರ್ ಆಡಿಸುತ್ತಿದ್ದಾಗ ನಿಂಬೆ ಗಿಡದ ಬುಡದಲ್ಲಿ ಅದು ಕೀ ಎಂದಿತು. ಅಗೆದರೆ ಬೆರಳುದ್ದದ ಬೂದು ಬಣ್ಣದ ಬೊಂಬೆ. ಲಂಗ ತೊಟ್ಟ ಹೆಂಗಸು. ತಲೆ ಇರಲಿಲ್ಲ.

“ಮುಟ್ಬೇಡಿ!” ಅತ್ತೆ ಬಾಗಿಲಿಂದಲೇ ಕೂಗಿದರು. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದ್ದ ಅವರು ಅದನ್ನು ಇಕ್ಕಳದಲ್ಲಿ ಎತ್ತಿ, ಸ್ಟೀಲ್ ತಟ್ಟೆಯಲ್ಲಿ ಕಲ್ಲುಪ್ಪು ಹರಡಿ ಮಲಗಿಸಿ, ದೇವರ ದೀಪದ ಮುಂದೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಆ ಗಿಡ ನೆಟ್ಟೋಳು ಯಾರು?”

ನಾನೇ. ಮದುವೆಯಾಗಿ ಹಾಸನದ ತವರಿನಿಂದ ಟ್ರುಗನಿನಾದ ಈ ಮನೆಗೆ ಬಂದ ಹೊಸತರಲ್ಲಿ. ಅತ್ತೆಗೆ ಮಂಡಿ ನೋವು ಶುರುವಾದದ್ದೂ ಆಗಲೇ.

“ಹತ್ತನೇ ಕ್ಲಾಸು ತಲೆಗೆ ಹತ್ಲಿಲ್ಲ, ಮಾಟ ಮಾತ್ರ ಚೆನ್ನಾಗಿ ಹತ್ತಿದೆ.”

“ನಾನು ಹೂತಿಲ್ಲ, ಅತ್ತೆ.”

“ಮತ್ತೆ ಪಕ್ಕದ್ಮನೆ ಇಟಾಲಿಯನ್ ಅಜ್ಜಿ ಬೇಲಿ ಹಾರಿ ಬಂದು ಹೂತ್ಲಾ?”

ಸಂಜೆ ಸಿಡ್ನಿಯಿಂದ ಋಷಿಯ ವಿಡಿಯೊ ಕಾಲ್ ಬಂತು. ನನ್ನ ಗಂಡನಿಗೆ ನಾರ್ತ್ ಸಿಡ್ನಿಯಲ್ಲಿ ಹೊಸ ಕೆಲಸ. ಪೆಂಡಲ್ ಹಿಲ್‌ನಲ್ಲಿ ಮನೆ ನೋಡಿದ್ದ. ಮುಂದಿನ ತಿಂಗಳು ನಾನು ಅಲ್ಲಿಗೆ ಹೋಗಬೇಕಿತ್ತು.

“ಇವಳು ದೀಪ ಮುಟ್ಟಿ ತಪ್ಪೊಪ್ಕೊಂಡ್ರೆ ಸಿಡ್ನಿ. ಇಲ್ದಿದ್ರೆ ಹಾಸನಕ್ಕೆ ಟಿಕೆಟ್ ಬುಕ್ ಮಾಡು,” ಎಂದರು ಅತ್ತೆ.

“ಒಂದ್ಸಲ ಒಪ್ಕೊಂಡ್ಬಿಡು ಗಾನವಿ. ಏನ್ ಹೋಗುತ್ತೆ?” ಎಂದ ಋಷಿ.

ನಾನು ಮಾವನನ್ನೇ ನೋಡುತ್ತಿದ್ದೆ. ಬೊಂಬೆಯ ಫೋಟೊವನ್ನು ಅವರು ತಮ್ಮ ಡಿಟೆಕ್ಟರ್ ಹವ್ಯಾಸಿಗಳ ಆನ್‌ಲೈನ್ ಗುಂಪಿಗೆ ಹಾಕಿದ್ದರು. ಹೋದ ವಾರ ಹಳೇ ಕೋಟಿನ ಒಂದು ಹಿತ್ತಾಳೆ ಗುಂಡಿ ಸಿಕ್ಕಾಗ, ಗುಂಪಿನಿಂದ ಬಂದ ಉತ್ತರವನ್ನು ಮನೆಯೆಲ್ಲ ಕೇಳುವಂತೆ ಓದಿದ್ದರು. ಈಗ ಅವರ ಫೋನ್ ಮಿನುಗಿತು. ಓದಿದರು. ನನ್ನತ್ತ ಒಮ್ಮೆ ನೋಡಿ, ಫೋನನ್ನು ಸೋಫಾದ ಮೇಲೆ ಮಗುಚಿ ಇಟ್ಟರು.

“ಮಾವ, ಉತ್ತರ ಬಂತಲ್ಲ. ಓದಿ.”

ಈ ಮನೆಯಲ್ಲಿ ನಾನು ಯಾರಿಗೂ ಹಾಗೆ ಹೇಳಿದವಳಲ್ಲ. ಅವರು ಕೆಮ್ಮಿದರು.

“ಸೀಸದ ಆಟಿಕೆಯಂತೆ. ಹಾಲು ಕರೆಯೋ ಹೆಂಗಸು. ಮನೆಗಳು ಏಳೋ ಮೊದಲು ಇಲ್ಲೆಲ್ಲ ಫಾರಂ ಇತ್ತಲ್ಲ, ಆಗಿನ ಯಾವುದೋ ಮಗೂದು. ಇಂಥವುಗಳಲ್ಲಿ ತಲೇನೇ ಮೊದಲು ಮುರಿಯೋದಂತೆ.” ಅಂಥದೇ ಇಡೀ ಬೊಂಬೆಯ ಚಿತ್ರವನ್ನೂ ತೋರಿಸಿದರು: ಟೊಪ್ಪಿಗೆ ಹಾಕಿದ ತಲೆ, ಕೈಯಲ್ಲಿ ಬಕೆಟ್.

ಅತ್ತೆ ಚಿತ್ರದ ಕಡೆ ಕಣ್ಣು ಹಾಯಿಸಲಿಲ್ಲ. “ಯಾವ ಮಗೂದೋ ಆಗ್ಲಿ. ಗುಂಡಿ ತೋಡುವಾಗ ಇವಳಿಗೆ ಸಿಕ್ಕಿದೆ. ತಲೆ ಮುರಿದು, ನನ್ನ ಹೆಸರು ಹೇಳಿ ಮತ್ತೆ ಹೂತಿದ್ದಾಳೆ. ಮುಟ್ಟೇ ದೀಪಾನ!”

“ರೀ, ಮಾವ ಓದಿದ್ದು ಕೇಳಿಸ್ತಾ?” ಎಂದು ಫೋನಿಗೆ ಕೇಳಿದೆ.

“ಕೇಳಿಸ್ತು. ಆದ್ರೂ ಅಮ್ಮನ ಸಮಾಧಾನಕ್ಕೆ...”

ದೀಪದ ಹತ್ತಿರ ಹೋದೆ. ಅತ್ತೆಯ ಮುಖ ಸಡಿಲವಾಯಿತು. ನಾನು ಉಪ್ಪಿನಿಂದ ಬೊಂಬೆಯನ್ನು ಬರಿಗೈಯಲ್ಲಿ ಎತ್ತಿ, ದುಪಟ್ಟಾದಿಂದ ಒರೆಸಿದೆ.

“ಹಾಸನಕ್ಕೇ ಬುಕ್ ಮಾಡಿ,” ಎಂದೆ. “ಇದು ನನ್ನ ಜೊತೆ ಬರುತ್ತೆ.”

ಬೊಂಬೆ ಕೈಯಲ್ಲಿ ಹಿಡಿದೇ ಸೂಟ್‌ಕೇಸ್ ತರಲು ಒಳಗೆ ಹೊರಟಾಗ ಅತ್ತೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.