ಲಾತ್ಲಿಯ ಏಳನೇ ಬಾಗಿಲು

ಕರಡು ತಿದ್ದುವುದರಲ್ಲಿ ಅವಳದು ಹದ್ದಿನ ಕಣ್ಣು. ಎಲ್ಲೋ ಒಂದು ಕೊಂಬು ಬಿಟ್ಟುಹೋಗಿದ್ದರೂ ಅವಳ ಕೆಂಪು ಪೆನ್ನು ನೆಟ್ಟಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅದಕ್ಕೇ ಪ್ರೆಸ್ಸಿನವರೆಲ್ಲ ಅವಳನ್ನು ಕೊಂಬಮ್ಮ ಎನ್ನುತ್ತಿದ್ದರು, ಅದೂ ಎದುರಿಗೇ. ಅವಳಿಗೂ ಒಳಗೊಳಗೇ ಹೆಮ್ಮೆ. ಆದರೆ ಅಕ್ಷರ ಬಿಟ್ಟು ಮನುಷ್ಯರ ವಿಷಯಕ್ಕೆ ಬಂದರೆ ಆ ಹದ್ದಿನ ಕಣ್ಣಿಗೆ ಪೊರೆ ಬಂದಿತ್ತೋ ಏನೋ.

ಆ ಮಧ್ಯಾಹ್ನ ಅವಳು ಹಲ್ಲು ಕೀಳಿಸಿಕೊಂಡು ಬಂದು, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಾಗ, ಮ್ಯಾನೇಜರು ದಪ್ಪನೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟರು. ಕಲ್ಪನೆಯ ಲೋಕವೊಂದರ ಕಾದಂಬರಿಯಂತೆ, ಆರುನೂರು ಪುಟವಂತೆ. ಅದರ ಪುರಾಣ ಎಷ್ಟು ಗೋಜಲೆಂದರೆ ಪ್ರಕಾಶಕರ ಕಡೆಯ ಕರಡು ತಿದ್ದುವವರು ಕೈಚೆಲ್ಲಿ ಕೂತರಂತೆ. ಓದುಗರು ದಾರಿ ತಪ್ಪದಿರಲಿ ಎಂದು ಕೊನೆಗೆ ನಲವತ್ತು ಪುಟದ ಅನುಬಂಧ ಬೇರೆ ಸೇರಿಸಿದ್ದರು. ಲೇಖಕಿಯ ಕಾವ್ಯನಾಮ ಅವಳು ಎಂದೂ ಕೇಳಿರದ್ದು.

ಅನುಬಂಧದಿಂದಲೇ ಶುರು ಮಾಡೋಣವೆಂದು ತೆರೆದಳು. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ‘ಲಾತ್ಲಿ: ಬೆಳಕನ್ನು ಯಾರೂ ಕದಿಯದಂತೆ ಸಂಜೆ ನುಂಗಿಟ್ಟುಕೊಂಡು, ಬೆಳಗ್ಗೆ ಉಗುಳುವ ಆದಿದೇವತೆ. ಪ್ರಾಚೀನ ಭಾಷೆಯಲ್ಲಿ ಲಾ ಎಂದರೆ ಬೆಳಕು, ತ್ಲಿ ಎಂದರೆ ನುಂಗಿದವಳು.’

ಪ್ರಾಚೀನ ಭಾಷೆಯೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ವರ್ಷದವಳಿದ್ದಾಗ ಕೊಂಬಮ್ಮನ ನಾಲಿಗೆ ರಕಾರಕ್ಕೆ ಹೊರಳುತ್ತಿರಲಿಲ್ಲ, ಅಷ್ಟೆ. ರಾತ್ರಿ ಎನ್ನಲು ಹೋಗಿ ಲಾತ್ಲಿ ಎಂದಿದ್ದಳು. ಅಮ್ಮನ ಮಂಚದ ಕೆಳಗೆ, ಹೊದಿಕೆ ಇಳಿಬಿಟ್ಟುಕೊಂಡು, ಅವಳೂ ಅಕ್ಕನೂ ಒಂದು ಲೋಕ ಕಟ್ಟಿದ್ದರು. ಪುರಾಣವೆಲ್ಲ ತಂಗಿಯದು, ಅಕ್ಕನದು ಹೂಂಗುಟ್ಟುವ ಕೆಲಸ. ಅಲ್ಲಿನ ನದಿ ಬೆಟ್ಟ ಹತ್ತುತ್ತಿತ್ತು, ಏಕೆಂದರೆ ಅದರ ತವರುಮನೆ ಮೇಲಿತ್ತು. ಇಳಿಬಿಟ್ಟ ಹೊದಿಕೆಯೇ ಏಳನೇ ಬಾಗಿಲು. ಉಳಿದ ಆರು ಎಲ್ಲಿದ್ದವೆಂದು ಯಾರೂ ಕೇಳಬಾರದು. ಏಳನೆಯದನ್ನು ಹೊರಗಿನಿಂದ ತೆರೆದರೆ ಮಾತ್ರ ಲೋಕ ಮುಗಿದಂತೆ.

ಆ ನದಿಯೂ ಅನುಬಂಧದಲ್ಲಿತ್ತು. ಅಷ್ಟೇ ಅಲ್ಲ, ಹೋದ ತಿಂಗಳು ಅಕ್ಕನಿಗೆ ಫೋನಿನಲ್ಲಿ ಅವಳು ಹೇಳಿದ ಮಾತು ಹೇಳಿದ ಹಾಗೇ ಅಚ್ಚಾಗಿತ್ತು.

ಅಮ್ಮ ಹೋದ ಮೇಲೆ ಅಕ್ಕತಂಗಿಯರ ನಡುವೆ ಮಾತೇ ನಿಂತಂತಾಗಿತ್ತು. ಆರು ತಿಂಗಳ ಹಿಂದೆ ಅಕ್ಕ ತಾನಾಗಿ ಫೋನ್ ಮಾಡಿ, ಮಂಚದ ಕೆಳಗಿನ ಆಟ ನೆನಪಿದೆಯಾ ಎಂದು ಕೇಳಿದಾಗ ಇವಳು ಕೈಲಿದ್ದ ಕರಡನ್ನು ಅಲ್ಲೇ ಮಡಿಸಿಟ್ಟು ಮಾತಿಗೆ ಕೂತಿದ್ದಳು. ಅಂದಿನಿಂದ ದಿನಾ ನಾಲ್ಕೂವರೆಗೆ, ಚಹಾದ ಹೊತ್ತಿಗೆ ಸರಿಯಾಗಿ ಫೋನು. ಅಕ್ಕ ಕೇಳಿದ್ದಕ್ಕೆಲ್ಲ ಇವಳು ಬಾಯ್ತುಂಬ ಹೇಳಿದಳು. ಆ ಕಡೆಯಿಂದ ಸದಾ ಟಕಟಕ ಸದ್ದು. ಏನದು ಎಂದರೆ ತರಕಾರಿ ಹೆಚ್ಚುತ್ತಿದ್ದೇನೆ ಎನ್ನುತ್ತಿದ್ದಳು. ಇಬ್ಬರೇ ಇರುವ ಮನೆಗೆ ದಿನಾ ಇಷ್ಟೊಂದು ತರಕಾರಿಯೇ ಎಂದು ಈ ಕೊಂಬಮ್ಮ ಅಪ್ಪಿತಪ್ಪಿಯೂ ಯೋಚಿಸಲಿಲ್ಲ. ಬದಲಿಗೆ, ಕೆಲಸದ ನಡುವೆಯೂ ಅಕ್ಕ ನನಗೆ ಹೊತ್ತು ಮಾಡಿಕೊಳ್ಳುತ್ತಾಳೆ ಎಂದು ಪ್ರೆಸ್ಸಿನಲ್ಲೆಲ್ಲ ಕೊಚ್ಚಿಕೊಂಡಿದ್ದಳು.

ಕೃತಜ್ಞತೆಯ ಪುಟ ತೆಗೆದಳು. ಭಾವ ಇದ್ದರು, ಪ್ರಕಾಶಕರಿದ್ದರು, ತೊಡೆಯ ಮೇಲೆ ಮಲಗಿ ಜೊತೆ ಕೊಟ್ಟ ಬೆಕ್ಕಿಗೂ ಒಂದು ಸಾಲಿತ್ತು. ಮೂರು ಸಲ ಓದಿದಳು. ತಂಗಿ ಎಂಬ ಎರಡಕ್ಷರ ಎಲ್ಲೂ ಇರಲಿಲ್ಲ.

ಕದ್ದದ್ದಕ್ಕೆ ಅಷ್ಟು ನೋವಾಗಲಿಲ್ಲ. ಕೇಳಿದ್ದರೆ ಇಡೀ ಲೋಕವನ್ನೇ ಎತ್ತಿ ಕೊಟ್ಟುಬಿಡುತ್ತಿದ್ದಳು. ಅಕ್ಕ ಫೋನ್ ಮಾಡಿದ್ದು ತಂಗಿಗೋ ಅನುಬಂಧಕ್ಕೋ, ಅದೊಂದೇ ಅವಳಿಗೆ ತಿಳಿಯಬೇಕಿತ್ತು. ಐನೂರ ತೊಂಬತ್ತೆರಡನೇ ಪುಟದಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದರು. ‘ಏಳನೇ ಬಾಗಿಲನ್ನು ತೆರೆದವರು: ಲೇಖಕಿ ತಿಳಿಸುವವರಿದ್ದಾರೆ.’

ನಾಲ್ಕೂವರೆಗೆ ಫೋನು ಬಂತು. ಹಲ್ಲಿನ ವಿಷಯ ಅಕ್ಕನಿಗೆ ನಿನ್ನೆಯೇ ಗೊತ್ತು. ಮೊದಲು ಹಲ್ಲು ಹೇಗಿದೆ ಎಂದು ಕೇಳಿದರೆ ಸಾಕು, ಎಲ್ಲ ನುಂಗಿಕೊಳ್ಳುತ್ತೇನೆ ಎಂದುಕೊಂಡು ಕೊಂಬಮ್ಮ ಫೋನ್ ಕಿವಿಗಿಟ್ಟಳು.

“ಏಳನೇ ಬಾಗಿಲು ಕೊನೆಗೆ ತೆಗೆದಿದ್ದು ಯಾರೇ? ನಂಗೆ ಮರ್ತೇ ಹೋಗಿದೆ,” ಎಂದಳು ಅಕ್ಕ.

“ಲಾತ್ಲಿಯ ಅಕ್ಕ.”

ಟಕಟಕ. “ಚೆನ್ನಾಗಿದೆ ಕಣೇ. ಯಾಕೆ ತೆಗೆದ್ಲು?”

“ಸ್ಕೂಲಿನ ಗೆಳತಿಯರನ್ನ ಕರ್ಕೊಂಡು ಬಂದಿದ್ಲು. ಹೊದಿಕೆ ಎತ್ತಿ, ನನ್ನ ತಂಗಿ ಹೇಗೆ ಮಾತಾಡ್ತಾಳೆ ಕೇಳಿ ಅಂದ್ಲು. ಎಲ್ರೂ ನಕ್ರು. ಅವಳೂ ನಕ್ಲು.”

ಸದ್ದು ನಿಂತಿತು.

“ನಿಲ್ಲಿಸ್ಬೇಡ ಅಕ್ಕ, ಹೆಚ್ಕೋ,” ಎಂದಳು ತಂಗಿ. “ಐನೂರ ತೊಂಬತ್ತೆರಡರಲ್ಲಿ ಜಾಗ ಖಾಲಿ ಇದೆ. ಕರಡು ನನ್ನ ಮೇಜಿನ ಮೇಲೇ ಇದೆ.”

ಅಕ್ಕ ಈಗಲಾದರೂ ಏನಾದರೂ ಹೇಳಿಯಾಳು ಎಂದು ಇವಳು ಕಾದಳು, ನಾಚಿಕೆಬಿಟ್ಟು ಕಾದಳು.

“ಅಲ್ಲಿ ಯಾರಿಗೂ ಹೇಳಿಲ್ಲ ತಾನೇ?” ಎಂದಳು ಅಕ್ಕ.

ಕೊಂಬಮ್ಮ ಫೋನ್ ಇಟ್ಟಳು. ಖಾಲಿ ಜಾಗದಲ್ಲಿ ಕೆಂಪು ಪೆನ್ನಿನಿಂದ ‘ಒಡಹುಟ್ಟಿದ ಅಕ್ಕ’ ಎಂದು ಬರೆದಳು. ಅಭ್ಯಾಸಬಲದಿಂದ ಇನ್ನೊಮ್ಮೆ ಓದಿ ನೋಡಿದಳು. ಕೊಂಬು, ಒತ್ತು, ಎಲ್ಲ ಸರಿಯಾಗಿತ್ತು.