ವೆರ್ದೆಸೋತೊ ವಿಧಾನ

ಹೊಕ್ಕುಳಲ್ಲಿ ಒಂದೇ ಒಂದು ತೂತು ಮಾಡಿ, ಕಿಡ್ನಿಯ ಗಡ್ಡೆಯನ್ನಷ್ಟೇ ಕತ್ತರಿಸಿ, ಮಿಕ್ಕದ್ದನ್ನು ಹೊಲಿದು ಉಳಿಸುವ ವಿದ್ಯೆ ಡಾಕ್ಟರ್ ನೆರೈದಾಳದು. ವರ್ಷಗಟ್ಟಲೆ ಹಂದಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡಿದ್ದಳು. ಅದಕ್ಕೆ ತನ್ನ ಹೆಸರಿಟ್ಟು ಮೆರೆದವನು ಮಾತ್ರ ಅವಳ ಮೇಲಿನ ಡಾಕ್ಟರ್ ವೆರ್ದೆಸೋತೊ. ಕೇಳಲು ಹೋದರೆ, ಗ್ವಾಯಾಕಿಲ್ ನಗರದ ಅವರ ಆಸ್ಪತ್ರೆಯ ಊಟದ ಕೋಣೆಯಲ್ಲಿ ಎಲ್ಲರೆದುರು ನಕ್ಕಿದ್ದ.

"ಏ ಎಡಚಿ, ನಿನ್ನ ಹೆಸರಿಟ್ರೆ ಯಾರು ನಂಬ್ತಾರೆ? ಹೋಗು, ಮನೇಲಿ ಬಾಳೆಕಾಯಿ ಹುರಿ."

ಅಂದಿನಿಂದ ಹಲ್ಲು ಕಚ್ಚಿಕೊಂಡು ಕಾದಳು. ಒಂದೇ ತೂತಿನಲ್ಲಿ ಇಳಿಸಿದ ಸಲಕರಣೆಗಳು ಒಳಗೆ ಒಂದಕ್ಕೊಂದು ಅಡ್ಡ ಹಾಯುತ್ತವೆ. ಎಡಗೈ ಆಡಿಸಿದ್ದು ಟೀವಿ ಪರದೆಯ ಬಲಗಡೆ ಕಾಣುತ್ತದೆ. ಆ ಮಹಾಶಯ ಕದ್ದದ್ದು ಅವಳ ವಿಡಿಯೊವನ್ನು. ಅದರಲ್ಲಿ ಸೂಜಿ ಇತ್ತು, ಕೈ ಇರಲಿಲ್ಲ; ಹೊಲಿದದ್ದು ಯಾವ ಕೈ ಎಂದು ಅವನಿಗೆ ತಿಳಿಯುವಂತಿರಲಿಲ್ಲ. ಊರೂರಲ್ಲಿ ಭಾಷಣ ಬಿಗಿದಿದ್ದನೇ ಹೊರತು ಒಮ್ಮೆಯೂ ಕೈಯಾರೆ ಹೊಲಿದಿರಲಿಲ್ಲ.

ಡಾಕ್ಟರುಗಳ ಸಮ್ಮೇಳನದ ದಿನ ಬಂತು. ಕೆಳಗೆ ಅವನು ಮಾಡುವ ಆಪರೇಷನ್, ಮೇಲೆ ಸಭಾಂಗಣದಲ್ಲಿ ಅದರ ನೇರ ಪ್ರಸಾರ. ಹೊಗಳಲಿ ಎಂದು ನೆರೈದಾಳನ್ನೇ ಮೈಕಿನ ಮುಂದೆ ಕೂರಿಸಿದ್ದ. ಆಪರೇಷನ್ ಮೇಜಿನ ಮೇಲೆ ಮಲಗಿದ್ದವಳು ಮಾರುಕಟ್ಟೆಯಲ್ಲಿ ಮೀನಿನ ಸಾರು ಮಾರುವ ಕ್ಲೊತಿಲ್ದೆ. ಅವಳಿಗೆ ಹುಟ್ಟಿನಿಂದ ಒಂದೇ ಕಿಡ್ನಿ. ಅದೂ ಹೋದರೆ ಬದುಕೆಲ್ಲ ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲೇ.

ಗಡ್ಡೆ ಹೊರಗೆ ಬಂತು. ರಕ್ತನಾಳಕ್ಕೆ ಚಿಮಟ ಹಾಕಿಯಾಗಿತ್ತು. ರಕ್ತವಿಲ್ಲದ ಕಿಡ್ನಿ ಹೆಚ್ಚು ಹೊತ್ತು ಬದುಕದು, ಬೇಗ ಹೊಲಿಯಬೇಕು. ಸೂಜಿ ಜಾರಿತು. ಮತ್ತೆ ಜಾರಿತು.

"ಡಾಕ್ಟ್ರೇ," ಎಂದಳು ನೆರೈದಾ ಮೈಕಿನಲ್ಲಿ, ದನಿಗೆ ಸಕ್ಕರೆ ಬೆರೆಸಿ, "ನಿಮ್ಮ ವಿಧಾನದಲ್ಲಿ ಹೊಲಿಯೋದು ಯಾವ ಕೈಲಿ?"

"ಬಲಗೈಲಿ! ಇನ್ಯಾವ ಕೈಲಿ?"

"ಹೌದಾ? ಹೊಲೀರಿ ಮತ್ತೆ, ನೋಡೋಣ."

ಸಭೆ ನಕ್ಕಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಲೇ ಎದ್ದು ಕೆಳಗೆ ಹೋಗಬಹುದಿತ್ತು. ಹೋಗಲಿಲ್ಲ.

"ನೆರೈದಾ, ಸ್ವಲ್ಪ ಕೆಳಗೆ ಬನ್ನಿ." ಅವನ ಬಾಯಲ್ಲಿ ಅವಳಿಗೆ ಬಹುವಚನ ಅದೇ ಮೊದಲು.

"ನಾನ್ಯಾಕೆ? ವಿಧಾನ ನಿಮ್ದಲ್ವಾ?"

ಚಿಮಟ ಹಾಕಿ ಗಂಟೆ ದಾಟಿತು, ಸೂಜಿ ಜಾರುತ್ತಲೇ ಇತ್ತು. ಸಭೆ ಈಗ ನಗಲಿಲ್ಲ.

"ನಂದಲ್ಲ. ನಿಮ್ದು. ನಾನು ಕದ್ದೆ. ಬನ್ನಿ ತಾಯಿ, ಕೈ ಮುಗೀತೀನಿ."

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ. ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ."

ಹೇಳಿದ. ಆಮೇಲೆ ಅವಳು ಎದ್ದಳು. ಕೆಳಗೆ ಹೋಗಿ ಎಡಗೈಯಲ್ಲಿ ಸರಸರನೆ ಹೊಲಿದಳು. ಮೇಲೆ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಚಿಮಟ ತೆಗೆದಳು. ಕಿಡ್ನಿ ಕೆಂಪಗಾಗಬೇಕಿತ್ತು. ಬೂದಿ ಬಣ್ಣದಲ್ಲೇ ಉಳಿಯಿತು.

ವೆರ್ದೆಸೋತೊ ಮುಖ ಮುಚ್ಚಿಕೊಂಡು ಊರು ಬಿಟ್ಟ. ವಿಧಾನಕ್ಕೆ ನೆರೈದಾಳ ಹೆಸರು ಬಂತು. ಆ ವಾರವೇ ಅವಳು ಕ್ಲೊತಿಲ್ದೆಯನ್ನು ನೋಡಲು ಹೋದಳು. ಯಂತ್ರಕ್ಕೆ ಸಿಕ್ಕಿಸಿದ ಕೊಳವೆಗಳ ನಡುವೆ ಆಕೆ ಎದ್ದು ಕೂತು, ಡಾಕ್ಟರಮ್ಮನ ಎಡಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನೀವು ಓಡೋಡಿ ಬಂದ್ರಂತೆ ತಾಯಿ. ಇಲ್ದಿದ್ರೆ ಜೀವಾನೇ ಹೋಗ್ತಿತ್ತು," ಎಂದು ಅತ್ತಳು. ಕ್ಲೊತಿಲ್ದೆ ಆ ಕೈಯನ್ನು ಎದೆಗೊತ್ತಿಕೊಂಡು ಶಾಪ ಹಾಕಿದಳು: "ನನ್ನ ಕಿಡ್ನಿ ಕೊಂದೋರ ಕೈ ಸೇದ್ಹೋಗ್ಲಿ!"