ಹುಳುಮನೆಯ ಎಂಟು ಬಟ್ಟಲು

ಬೆಳಕವಾಡಿಯಲ್ಲಿ ಸಂಜೆ ದೀಪ ಹಚ್ಚುವುದೇ ತಡ, ಸೊಳ್ಳೆಗಳ ಕಛೇರಿ ಶುರುವಾಗುತ್ತಿತ್ತು. ಊರವರು ಬೇವಿನ ಸೊಪ್ಪಿನ ಹೊಗೆ ಹಾಕಿದರು, ಸರ್ಕಾರವನ್ನು ಬೈದರು. ಡಿ.ಡಿ.ಟಿ. ಹೊಡೆಯುವವರು ಬಂದರೆ ಮಾತ್ರ ಬಾಗಿಲು ಹಾಕಿಕೊಂಡರು. ಮನೆಮನೆಯಲ್ಲೂ ರೇಷ್ಮೆ ಹುಳು. ಆ ಔಷಧಿ ಸೋಕಿದರೆ ಹುಳು ಉಳಿಯುವುದಿಲ್ಲ.

ನರ್ಸ್ ಆಂಡಾಳ್‌ಗೆ ಅದು ಅರ್ಥವಾಗುತ್ತಿತ್ತು. ಅವಳ ತಲೆ ಕೆಟ್ಟದ್ದು ತಾನೇ ಹೇಳಿದ ಒಂದು ಕಥೆಯಿಂದ.

ಹೋದ ತಿಂಗಳು ಮಹಿಳಾ ಸಮಾಜದಲ್ಲಿ ಹೆಂಗಸರು ಆಕಳಿಸುವುದನ್ನು ಕಂಡು ಅಜ್ಜಿ ಕಥೆಯ ಧಾಟಿ ಹಿಡಿದಿದ್ದಳು. "ಸೊಳ್ಳೆಯ ಮೈಯೊಳಗೆ ಕಣ್ಣಿಗೆ ಕಾಣದ ಒಂದು ಜೀವಾಣು ಬಿಡಾರ ಹೂಡಿರುತ್ತೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಹೀಗೇ ತಲೆಮಾರು ದಾಟುತ್ತೆ. ಗಂಡಿನೊಳಗಿರೋ ಜೀವಾಣು ಹೆಣ್ಣಿನೊಳಗೆ ಇಲ್ಲದಿದ್ದರೆ, ಅವೆರಡೂ ಕೂಡಿದ್ರೂ ಮೊಟ್ಟೆ ಮರಿಯಾಗಲ್ಲ. ಅಂಥ ಗಂಡುಗಳನ್ನ ಸಾಕಿ ಊರೊಳಗೆ ಬಿಟ್ಟರೆ ಸೊಳ್ಳೆ ಸಂತಾನ ಇಳಿಯುತ್ತೆ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡ್ತಿದ್ದಾರೆ." ನಿಂತ ನೀರು ಚೆಲ್ಲಿ ಎಂದೂ ಕೊನೆಗೆ ಹೇಳಿದ್ದಳು. ಕಥೆ ಊರೆಲ್ಲ ಸುತ್ತಿತು. ನೀರು ನಿಂತಲ್ಲೇ ನಿಂತಿತು.

ಈಗ ಶಿವನಂಜಮ್ಮನ ಮನೆಗೆ ಬಾಣಂತಿಯನ್ನು ನೋಡಲು ಬಂದರೆ, ಇಪ್ಪತ್ತೆರಡು ದಿನದ ಕೂಸಿನ ಕೆನ್ನೆ ತುಂಬ ಕೆಂಪು ಗುಳ್ಳೆ. ಒಂದು ಆಗಲೇ ಕೀವು ಕಟ್ಟಿತ್ತು. ಬಾಣಂತಿ, ಶಿವನಂಜಮ್ಮನ ಮಗಳು ಮಂಗಳಮ್ಮ, ನಿದ್ದೆಗೆಟ್ಟ ಕಣ್ಣಲ್ಲಿ ಸೆರಗು ಬೀಸುತ್ತಿದ್ದಳು.

"ಏನ್ರೀ ಶಿವನಂಜಮ್ಮ, ಇಷ್ಟು ಎಳೇ ಮೈಗೆ ಸೊಳ್ಳೆಯಿಂದ ಜ್ವರ ಬಂದ್ರೆ ತಡ್ಕೊಳ್ಳುತ್ತಾ?"

"ಅದ್ಕೇ ಕಾಯ್ತಿವ್ನಿ ಕಣವ್ವ. ಆ ಗಂಡು ಸೊಳ್ಳೆಗೊಳ್ನ ಯಾವತ್ತು ಬುಡ್ತರೆ?"

ಆಂಡಾಳ್ ಹಣೆ ಚಚ್ಚಿಕೊಂಡಳು.

ಜಗಲಿಯಿಂದ ಶಿವನಂಜಮ್ಮನ ಗಂಡ ಕೆಂಪಯ್ಯ ಕೂಗಿದ. "ಇರೋ ಸೊಳ್ಳೆ ಸಾಲ್ದು ಅಂತ ಇನ್ನಷ್ಟು ತಂದ್ ಬುಡ್ತರಾ? ಅವು ಕಚ್ಚಾಕಿಲ್ವಾ?"

"ಗಂಡು ಸೊಳ್ಳೆ ಕಚ್ಚಲ್ಲ ಕೆಂಪಯ್ಯನೋರೇ. ರಕ್ತ ಹೀರೋದು ಹೆಣ್ಣು."

"ಓ, ನಮ್ಮನೆ ಅಂಗೇಯಾ!"

"ಸುಮ್ಕಿರಿ ಕಂಡಿವ್ನಿ," ಶಿವನಂಜಮ್ಮ ಗದರಿದಳು.

"ಅದು ಇನ್ನೂ ಪರೀಕ್ಷೆ ಕಣ್ರೀ," ಎಂದಳು ಆಂಡಾಳ್. "ಯಾವ ವರ್ಷ ಊರಿಗೆ ಬರುತ್ತೋ, ಎಲ್ಲಾ ಜಾತಿ ಸೊಳ್ಳೆಗೂ ನಡೆಯುತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನಿಮ್ಮ ಮೊಮ್ಮಗಳು ಅಲ್ಲೀವರೆಗೂ ಕಾಯ್ತಾಳಾ? ನಿಂತ ನೀರು ಚೆಲ್ಲಿದ್ರಾ?"

"ನಮ್ಮನೇಲಿ ನಿಂತ್ ನೀರೇ ಇಲ್ಲ. ಎಷ್ಟ್ ಸಲ ಯೋಳನ?"

ನೋಡಿದರೆ ಮಾತು ನಿಜ. ಹಂಡೆಗೆ ಮುಚ್ಚಳ, ಹಿತ್ತಲು ಒಣ. ಹಾಗಾದರೆ ಈ ದಂಡು ಎಲ್ಲಿಂದ? ಅಷ್ಟರಲ್ಲಿ ಶಿವನಂಜಮ್ಮ ಸೊಪ್ಪಿನ ಮಂಕರಿ ಹಿಡಿದು ಹುಳುಮನೆಯ ಬಾಗಿಲು ತೆಗೆದಳು. ಒಳಗಿಂದ ಒಂದು ಹಿಂಡು ಸೊಳ್ಳೆ ಗುಂಯ್ ಎಂದು ಆಂಡಾಳಳ ಮುಖಕ್ಕೇ ಬಡಿಯಿತು.

ಕೈಕಾಲು ತೊಳೆದುಕೊಂಡು ಆಂಡಾಳ್ ಒಳಗೆ ಹೋದಳು. ಎರಡು ಮರದ ಅಟ್ಟಣೆಗಳ ಮೇಲೆ ಸಾಲುಸಾಲು ಬಿದಿರು ತಟ್ಟೆ, ತಟ್ಟೆ ತುಂಬ ಹುಳು. ಇರುವೆ ಹತ್ತದಂತೆ ಅಟ್ಟಣೆಯ ಒಂದೊಂದು ಕಾಲನ್ನೂ ನೀರು ತುಂಬಿದ ಕಲ್ಲುಬಟ್ಟಲಲ್ಲಿ ನಿಲ್ಲಿಸಿದ್ದರು. ಎಂಟು ಕಾಲು, ಎಂಟು ಬಟ್ಟಲು. ಮೇಲಿಂದ ಬಿದ್ದ ಸೊಪ್ಪಿನ ಚೂರು, ಹುಳುವಿನ ಹಿಕ್ಕೆ ಕೊಳೆತು ನೀರು ಕಪ್ಪಾಗಿತ್ತು.

"ಇದು ನೀರಲ್ವೇನ್ರೀ?"

"ಅಯ್ಯೋ, ಅದು ಇರ್ವೆ ಬಟ್ಲು!"

ಆಂಡಾಳ್ ಒಂದು ಸೌಟು ನೀರನ್ನು ಬಿಳಿ ಪಿಂಗಾಣಿ ತಟ್ಟೆಗೆ ಹಾಕಿ ಬಿಸಿಲಿಗೆ ತಂದಳು. ನೂರಾರು ಮರಿಗಳು ಕೊಂಕಿ ಕೊಂಕಿ ಈಜುತ್ತಿದ್ದವು. "ಇವಕ್ಕೆ ರೆಕ್ಕೆ ಬಂದ್ರೆ ನೇರ ತೊಟ್ಟಿಲಿಗೆ."

ಶಿವನಂಜಮ್ಮ ತಟ್ಟೆಯನ್ನೇ ನೋಡಿದಳು. ಆಮೇಲೆ ತೊಟ್ಟಿಲನ್ನು. "ಮೇಲೊಂದ್ ಉಳ, ಕೆಳಗೊಂದ್ ಉಳ. ಎಲ್ಡನ್ನೂ ನಾನೇ ಸಾಕಿವ್ನಿ. ಅದ್ಕೆ ಸೊಪ್ಪು, ಇದ್ಕೆ ನನ್ನ ಕೂಸಿನ್ ರಕ್ತ." ತಡೆದು, "ಆದ್ರೆ ಬಟ್ಲು ತಗುದ್ರೆ ಇರ್ವೆ ಅತ್ಕತವಲ್ಲವ್ವ?" ಎಂದಳು.

"ಒಂದೊಂದೇ ಕಾಲು ಎತ್ತಿ. ಬಟ್ಟಲು ತಿಕ್ಕಿ, ಕೂಡಲೇ ಹೊಸ ನೀರು ಹಾಕಿ. ಹಳೇ ನೀರು ಚರಂಡಿಗೆ ಬೇಡ, ಅಲ್ಲೂ ಬದುಕ್ತವೆ. ಒಣ ಮಣ್ಣಿಗೆ ಚೆಲ್ಲಿ. ಮೊಟ್ಟೆಗೆ ರೆಕ್ಕೆ ಬರೋಕೆ ಎಂಟು ಹತ್ತು ದಿನ ಬೇಕು. ವಾರಕ್ಕೊಂದು ಸಲ ತಪ್ಪದೆ ಮಾಡಿದ್ರೆ ಸಾಕು. ಕೂಸಿಗೆ ಪರದೆ ಕಟ್ಟಿ."

"ಸೋಮಾರ ಮಾಡ್ತೀನಿ. ಅವತ್ತು ಎತ್ತಿಗೆ ರಜ, ಆರು ಕಟ್ಟಾಕಿಲ್ಲ, ಇವ್ರೂ ಸುಮ್ಕೆ ಬಿದ್ದಿರ್ತರೆ. ಆದ್ರೆ ಇವತ್ತೇ ಮೊದ್ಲು. ಏನ್ರೀ, ಬನ್ನಿ ಇಲ್ಲಿ, ಅಟ್ಟಣೆ ಎತ್ತಿ!"

ಮೂರನೆಯ ಸೋಮವಾರ ಆಂಡಾಳ್ ಬಂದಾಗ ಕೂಸು ಪರದೆಯೊಳಗೆ ಗಾಢ ನಿದ್ದೆಯಲ್ಲಿತ್ತು. ಕೆನ್ನೆಯ ಗಾಯ ಮಾಗಿತ್ತು. ಮಂಗಳಮ್ಮನೂ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು.

"ಆ ಗಂಡು ಸೊಳ್ಳೆ ಬಂದ್ರೆ ಬೇರೆ ಬೀದಿಗ್ ಕಳ್ಸಿ ನರ್ಸಮ್ಮೋರೆ," ಎಂದಳು ಶಿವನಂಜಮ್ಮ, ಬಟ್ಟಲು ತಿಕ್ಕುತ್ತಾ. "ನಮ್ಮನೇಲಿ ಅವ್ಕೆ ಎಣ್ಣು ಸಿಕ್ಕಾಕಿಲ್ಲ."

ಕೇಳಿದಿರಲ್ಲ, ಅಕ್ಕ ತಂಗಿಯರೇ? ವಿಜ್ಞಾನಿಗಳ ಕೆಲಸ ವಿಜ್ಞಾನಿಗಳು ಮಾಡಲಿ. ನಿಮ್ಮ ಮನೆಯಲ್ಲಿ ನೀರೆಂದು ನೀವು ಲೆಕ್ಕಕ್ಕೇ ಇಡದ ನೀರು ಯಾವುದು? ಈಗಲೇ ಎದ್ದು ಹುಡುಕಿ, ಚೆಲ್ಲಿ, ತಿಕ್ಕಿ. ಮುಂದಿನ ವಾರ ಅದೇ ದಿನ ಮತ್ತೆ ಮಾಡಿ.